ಮನೆಬಾಗಿಲಿಗೆ ಬಂದ ಸರ್ಕಾರ: ಆಂಧ್ರದ ಪ್ರಯೋಗ ಮತ್ತು ನಾವು

(ಹೈದರಾಬಾದಿನಲ್ಲಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ಸಾಹಿತ್ಯವನ್ನು ಕುರಿತ ಮಾತುಗಳನ್ನು ಕೇಳಿ ಅಭ್ಯಾಸವಾಗಿರುವ ತಮ್ಮ ಮುಂದೆ ಪಿಂಚಣಿ, ಪಡಿತರ ಚೀಟಿ, ಅರ್ಜಿ ನಮೂನೆ ಮುಂತಾದ ನೀರಸ ಸಂಗತಿಗಳನ್ನು ಇಡಲು ಹೊರಟಿದ್ದೇನೆ. ಸಾಹಿತ್ಯದ ವಿಷಯವನ್ನೇ ಆರಿಸಿಕೊಳ್ಳಿರೆಂದು ಕಾರ್ಯದರ್ಶಿಗಳು ವಿನಯದಿಂದ ಸೂಚಿಸಿದ್ದರು. ಆದರೆ ಮೂವತ್ತು ವರ್ಷಗಳನ್ನು ಕಡತಗಳ ನಡುವೆ ಕಳೆದವನು ಕಾವ್ಯದ ಬಗ್ಗೆ ಮಾತನಾಡುವುದಕ್ಕಿಂತ ಕಡತಗಳ ಬಗ್ಗೆಯೇ ಮಾತನಾಡುವುದು ಲೇಸು. ಇನ್ನೊಂದು ಮಾತನ್ನೂ ಮೊದಲೇ ಸ್ಪಷ್ಟಪಡಿಸಬೇಕು. ನಾನು ಕೇಂದ್ರ ಸರ್ಕಾರದ ಸೇವೆಯಲ್ಲಿರುವವನು. ಇಲ್ಲಿ ಹೇಳುವ ಅಭಿಪ್ರಾಯಗಳೆಲ್ಲ ನನ್ನ ಸ್ವಂತದವು. ನನ್ನ ಇಲಾಖೆಗೆ ಅವುಗಳ ಹೊಣೆ ಇಲ್ಲ. ಯಾವ ಪಕ್ಷವನ್ನೂ ಹೊಗಳುವ ಅಥವಾ ತೆಗಳುವ ಉದ್ದೇಶವೂ ನನಗಿಲ್ಲ. ಆದರೆ ಪಕ್ಷಗಳು ಮಾಡಿದ ಕೆಲಸವನ್ನು ಕುರಿತು ಮಾತನಾಡದೆ ಈ ವಿಷಯವನ್ನು ಚರ್ಚಿಸುವುದು ಅಸಾಧ್ಯವಾದ್ದರಿಂದ, ಅಷ್ಟರ ಮಟ್ಟಿಗೆ ತಾವು ನನ್ನನ್ನು ಸಹಿಸಿಕೊಳ್ಳಬೇಕು.

ಒಂದು ರಾಜ್ಯ ಸರ್ಕಾರವು ತನ್ನ ಜನಕಲ್ಯಾಣ ಕಾರ್ಯಕ್ರಮಗಳ ವ್ಯವಸ್ಥೆಯನ್ನು ಬುಡಸಮೇತ ಕಿತ್ತು ಹೊಸದಾಗಿ ಕಟ್ಟಲು ಹೊರಟರೆ ಏನಾಗುತ್ತದೆ? ನಮ್ಮ ಕಣ್ಣೆದುರಿಗೇ, ನೆರೆಯ ಆಂಧ್ರಪ್ರದೇಶದಲ್ಲಿ, 2019ರಿಂದ ಈಚೆಗೆ ಅಂಥದೊಂದು ಪ್ರಯೋಗ ನಡೆಯಿತು. ಅದರ ಅರ್ಧ ಭಾಗ ಉಳಿದಿದೆ, ಅರ್ಧ ಭಾಗ ಅಳಿದಿದೆ. ಉಳಿದದ್ದು ಏಕೆ ಉಳಿಯಿತು, ಅಳಿದದ್ದು ಏಕೆ ಅಳಿಯಿತು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ರೋಗವನ್ನು ನೋಡೋಣ. ನಮ್ಮ ದೇಶದಲ್ಲಿ ಕಲ್ಯಾಣ ಕಾರ್ಯಕ್ರಮಗಳು ಒಂದರ ಮೇಲೊಂದು ಪದರದಂತೆ ಬೆಳೆದವು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು; ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. 1982ರಲ್ಲಿ ತಮಿಳುನಾಡಿನ ಮಧ್ಯಾಹ್ನದ ಊಟ, 1983ರಲ್ಲಿ ಎನ್.ಟಿ. ರಾಮರಾಯರ ಎರಡು ರೂಪಾಯಿ ಅಕ್ಕಿ, 1995ರಲ್ಲಿ ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ, 2013ರಲ್ಲಿ ಆಹಾರ ಭದ್ರತಾ ಕಾಯಿದೆ ಬಂದವು. ಪ್ರತಿಯೊಂದೂ ತನ್ನದೇ ಆದ ಇಲಾಖೆಯನ್ನು, ನಮೂನೆಯನ್ನು, ಗುಮಾಸ್ತನನ್ನು ಜೊತೆಗೆ ಕರೆತಂದಿತು. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಮರಣ ಪ್ರಮಾಣಪತ್ರಕ್ಕೆ ಪಂಚಾಯಿತಿ, ವಿಧವಾ ವೇತನಕ್ಕೆ ಕಂದಾಯ ಇಲಾಖೆ, ಚೀಟಿಯಲ್ಲಿ ಹೆಸರು ತೆಗೆಸಲು ಆಹಾರ ಇಲಾಖೆ, ಮಗನ ವಿದ್ಯಾರ್ಥಿವೇತನಕ್ಕೆ ಸಮಾಜ ಕಲ್ಯಾಣ ಇಲಾಖೆ, ಪಹಣಿಯಲ್ಲಿ ಹೆಸರು ಬದಲಾಯಿಸಲು ಮತ್ತೆ ಕಂದಾಯ. ಆಕೆಯ ದುಃಖ ಒಂದೇ, ಆದರೆ ಸರ್ಕಾರದ ಕಣ್ಣಿಗೆ ಆಕೆ ಐದು ಕಡತಗಳು. ಈ ಐದು ಕಡತಗಳ ನಡುವಿನ ದಾರಿಯಲ್ಲಿಯೇ ದಳ್ಳಾಳಿ ಹುಟ್ಟಿಕೊಳ್ಳುತ್ತಾನೆ.

ಹಿಂದೆ ಈ ದಾರಿಯನ್ನು ಕಾಯುತ್ತಿದ್ದವನು ನಮ್ಮ ಕಡೆಯ ಶಾನುಭೋಗ, ಆಂಧ್ರದ ಕರಣಂ. ಮೈಸೂರು ರಾಜ್ಯದಲ್ಲಿ 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ಹೋಯಿತು. ಆಂಧ್ರದಲ್ಲಿ ಅದನ್ನು ತೆಗೆದವರು ರಾಮರಾಯರು, 1984ರಲ್ಲಿ. ಮರುವರ್ಷ ತಾಲ್ಲೂಕುಗಳನ್ನೂ ಒಡೆದು ಮಂಡಲಗಳನ್ನು ಮಾಡಿದರು. ತಾಲ್ಲೂಕು ಕಛೇರಿಗೆ ಮೂವತ್ತು ಮೈಲಿ ನಡೆಯಬೇಕಾಗಿದ್ದವನು ಹತ್ತು ಮೈಲಿ ನಡೆದರೆ ಸಾಕಾಯಿತು. ಅದು ಸಣ್ಣ ಸುಧಾರಣೆಯಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕರ್ನಾಟಕ ಬೇರೊಂದು ದಾರಿ ಹಿಡಿಯಿತು. 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಕಾಯಿದೆ, 1987ರ ಜನವರಿಯ ಚುನಾವಣೆ, ಅದರ ಹಿಂದಿದ್ದ ಅಬ್ದುಲ್ ನಜೀರ್ ಸಾಬರ ಶ್ರದ್ಧೆ, ಇವೆಲ್ಲ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟ ಕಾಯಿದೆ ಅದು, ಸಂವಿಧಾನದ 73ನೆಯ ತಿದ್ದುಪಡಿಗಿಂತ ಹತ್ತು ವರ್ಷ ಮೊದಲು! ಅಲ್ಲಿ ಅಧಿಕಾರಿಗಳನ್ನು ಚುನಾಯಿತರ ಕೈಕೆಳಗೆ ತರಲಾಯಿತು. ಶಾಲೆಯ ಮಾಸ್ತರು ಬರಲಿಲ್ಲವೆಂದರೆ ಕೇಳಲು ಊರಿನಲ್ಲಿಯೇ ಒಬ್ಬ ಯಜಮಾನನಿದ್ದ. ಅಂದಿನ ಮಂಡಲ ಪಂಚಾಯಿತಿಯ ಜಗಳಗಳನ್ನು ನೋಡಿ ನಕ್ಕವರೂ ಇದ್ದರು. ಆದರೆ ಜಗಳವಾಡಲು ಒಂದು ಜಗಲಿ ಸಿಕ್ಕಿತ್ತು ಎಂಬುದನ್ನು ಮರೆಯಬಾರದು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕುಳಿತರು. ಅದು ಬೇರೆಯೇ ಕಥೆ.

ಈಗ 2019ಕ್ಕೆ ಬರೋಣ. ಆ ವರ್ಷದ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಜಗನ್ ಮೋಹನ ರೆಡ್ಡಿಯವರ ಸರ್ಕಾರ ಅಕ್ಟೋಬರ್ 2ರಂದು ಗ್ರಾಮ ಸಚಿವಾಲಯ ವ್ಯವಸ್ಥೆಯನ್ನು ಉದ್ಘಾಟಿಸಿತು. ಕನ್ನಡದಲ್ಲಿ ಸಚಿವಾಲಯವೆಂದರೆ ವಿಧಾನಸೌಧವೇ ಕಣ್ಣಮುಂದೆ ನಿಲ್ಲುತ್ತದೆ. ಆ ಹೆಸರನ್ನು ಹಳ್ಳಿಯ ಕಟ್ಟಡಕ್ಕೆ ಇಟ್ಟದ್ದರಲ್ಲಿ ಒಂದು ಮಹತ್ವಾಕಾಂಕ್ಷೆಯೂ ಇತ್ತು, ಸ್ವಲ್ಪ ಆಡಂಬರವೂ ಇತ್ತು. ಹಳ್ಳಿಗಳಲ್ಲಿ ಸುಮಾರು 2,000 ಜನರಿಗೆ ಒಂದು, ಪಟ್ಟಣಗಳಲ್ಲಿ ಸುಮಾರು 4,000 ಜನರಿಗೆ ಒಂದು, ಒಟ್ಟು 15,004 ಸಚಿವಾಲಯಗಳು. ಪ್ರತಿಯೊಂದರಲ್ಲೂ ಪಂಚಾಯಿತಿ ಕಾರ್ಯದರ್ಶಿ, ಗ್ರಾಮ ಕಂದಾಯಾಧಿಕಾರಿ, ಸರ್ವೇಯರ್, ದಾದಿ, ಕೃಷಿ ಸಹಾಯಕ, ಪಶುಪಾಲನಾ ಸಹಾಯಕ, ಎಂಜಿನಿಯರಿಂಗ್ ಸಹಾಯಕ, ಕಲ್ಯಾಣ ಮತ್ತು ಶಿಕ್ಷಣ ಸಹಾಯಕ, ಕಂಪ್ಯೂಟರಿನ ಮುಂದೆ ಕೂರುವ ಡಿಜಿಟಲ್ ಸಹಾಯಕ, ಹೀಗೆ ಹತ್ತು-ಹನ್ನೊಂದು ಮಂದಿ. ಲಕ್ಷಕ್ಕೂ ಮಿಕ್ಕಿದ ಈ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಇಷ್ಟು ದೊಡ್ಡ ನೇಮಕಾತಿಯನ್ನು ಕೆಲವೇ ತಿಂಗಳುಗಳಲ್ಲಿ ಮುಗಿಸುವುದು ಎಂಥ ಕೆಲಸವೆಂಬುದು ಸರ್ಕಾರಿ ಸೇವೆಯಲ್ಲಿರುವವರಿಗೆ ಮಾತ್ರ ಪೂರ್ತಿಯಾಗಿ ಅರ್ಥವಾದೀತು. ಒಬ್ಬ ಟೈಪಿಸ್ಟಿನ ಹುದ್ದೆ ತುಂಬಲು ನಾಲ್ಕು ವರ್ಷ ಪತ್ರವ್ಯವಹಾರ ನಡೆಯುವುದನ್ನು ಕಂಡವನು ನಾನು.

ಇದು ಸೌಧದ ಕಂಬ. ಇದರ ಮುಂದೆ ಇನ್ನೊಂದು ಚಪ್ಪರವನ್ನೂ ಹಾಕಲಾಯಿತು. ಪ್ರತಿ 50 ಮನೆಗಳಿಗೆ ಒಬ್ಬ ವಾಲಂಟಿಯರ್, ತಿಂಗಳಿಗೆ 5,000 ರೂಪಾಯಿ ಗೌರವಧನ. ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ತಿಂಗಳ ಮೊದಲನೆಯ ತಾರೀಖು ಬೆಳಗಿನ ಜಾವವೇ ಮುದುಕ ಮುದುಕಿಯರ ಮನೆಬಾಗಿಲು ತಟ್ಟಿ, ಬೆರಳಚ್ಚು ಪಡೆದು, ಪಿಂಚಣಿ ಹಣವನ್ನು ಕೈಗೆ ಎಣಿಸಿ ಕೊಡುವುದು ಇವರ ಮುಖ್ಯ ಕೆಲಸ. ಮನೆಮನೆಯ ವಿವರಗಳೂ ಇವರ ಮೊಬೈಲಿನಲ್ಲಿ. 2020ರ ಕೊರೋನಾ ಕಾಲದಲ್ಲಿ ಜ್ವರ ಬಂದವರನ್ನು ಗುರುತಿಸಲು ಮನೆಮನೆ ಸುತ್ತಿದವರೂ ಇವರೇ.

ಕೆಲಸದ ನಿಮಿತ್ತ ನಾನು ಕರ್ನೂಲು, ಅನಂತಪುರ ಜಿಲ್ಲೆಗಳ ಗಡಿಭಾಗದಲ್ಲಿ ಕೆಲವು ಸಲ ಓಡಾಡಿದ್ದೇನೆ. ಆದವಾನಿ, ಆಲೂರು, ರಾಯದುರ್ಗ, ಈ ಮೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು ಎಂಬುದು ಈ ಸಭೆಗೆ ಹೊಸ ವಿಷಯವಲ್ಲ. ಅಲ್ಲಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಆಡುವ ಮಾತು ಕನ್ನಡ. ಆ ಹಳ್ಳಿಗಳಲ್ಲಿ ನಾನು ಗಮನಿಸಿದ ಒಂದು ಸಂಗತಿಯನ್ನು ಯಾವ ವರದಿಯಲ್ಲಿಯೂ ಓದಿಲ್ಲ. ಕಛೇರಿಯ ಕಾಗದವೆಲ್ಲ ತೆಲುಗಿನಲ್ಲಿ. ಓದು ಬಾರದ, ತೆಲುಗು ಅರ್ಧಂಬರ್ಧ ತಿಳಿದ ಅಜ್ಜಿಗೆ ಕಛೇರಿಯೆಂದರೆ ಭಯ. ಆದರೆ ಬಾಗಿಲು ತಟ್ಟುವ ವಾಲಂಟಿಯರ್ ಅದೇ ಬೀದಿಯ ಹುಡುಗಿ. ಮನೆಯಲ್ಲಿ ಕನ್ನಡವನ್ನೇ ಆಡುವವಳು. "ಅವ್ವಾ, ಈ ತಿಂಗಳು ಇನ್ನೂರೈವತ್ತು ಹೆಚ್ಚಿಗಿ ಬಂದೈತಿ, ಎಣಿಸ್ಕೋ" ಎಂದು ಹೇಳಿ ಹೋಗುತ್ತಿದ್ದಳು. ಅಲ್ಪಸಂಖ್ಯಾತ ಭಾಷಿಕರ ಅನುಕೂಲಕ್ಕೆಂದು ಯಾರೂ ಈ ಯೋಜನೆಯನ್ನು ಮಾಡಿರಲಿಲ್ಲ. ನೆರೆಯವರನ್ನೇ ನೇಮಿಸಿದ್ದರಿಂದ ಅದು ತಾನಾಗಿ ಒದಗಿತು. ಸಚಿವಾಲಯದ ನೌಕರರು ಪರೀಕ್ಷೆ ಬರೆದು ಜಿಲ್ಲೆಯ ಯಾವುದೋ ಮೂಲೆಯಿಂದ ಬಂದವರು. ಅವರಿಗೆ ಕನ್ನಡ ಗೊತ್ತಿದ್ದರೆ ಅದು ನಮ್ಮ ಅದೃಷ್ಟ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು, ಮತ್ತು ದೋಷ ಚಿಕ್ಕದಲ್ಲ. ಆಂಧ್ರದ ಗ್ರಾಮ ಪಂಚಾಯಿತಿಗಳ ಅವಧಿ 2018ರ ಆಗಸ್ಟಿನಲ್ಲಿಯೇ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು 2021ರ ಫೆಬ್ರವರಿಯಲ್ಲಿ. ಎಂದರೆ, ಹಳ್ಳಿಯ ಸರ್ಕಾರವೆಂದು ಕರೆಯಲಾದ ಈ ಸಂಸ್ಥೆ ಹುಟ್ಟಿ, ಬೇರುಬಿಟ್ಟು, ಕೆಲಸಗಳನ್ನು ಹಂಚಿಕೊಂಡದ್ದೆಲ್ಲ ಊರಿನಲ್ಲಿ ಒಬ್ಬ ಸರಪಂಚನೂ ಇಲ್ಲದ ಕಾಲದಲ್ಲಿ. ಕೊನೆಗೆ ಆತ ಗೆದ್ದು ಬಂದಾಗ ಅವನಿಗಾಗಿ ಉಳಿದಿದ್ದದ್ದು ಬೀದಿದೀಪ ಮತ್ತು ಚರಂಡಿ. ಸಚಿವಾಲಯದ ಹತ್ತು ಮಂದಿಯಲ್ಲಿ ಹೆಚ್ಚಿನವರು ನೋಡುತ್ತಿದ್ದುದು ತಮ್ಮ ತಮ್ಮ ಇಲಾಖೆಯ ಮೇಲಧಿಕಾರಿಗಳ ಮುಖವನ್ನು. ಒಂದೇ ಸೂರಿನ ಕೆಳಗೆ ಐದು ಕಡತಗಳೂ ಬಂದವೆಂಬುದು ನಿಜ. ಆದರೆ ಅವುಗಳ ಹಗ್ಗ ಇನ್ನೂ ಐದು ಇಲಾಖೆಗಳ ಕೈಯಲ್ಲಿಯೇ ಇತ್ತು. 1987ರ ಕರ್ನಾಟಕದ ಪ್ರಯೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ ಎಂದು ನನ್ನ ತಿಳಿವಳಿಕೆ. ಅಲ್ಲಿ ಅಧಿಕಾರ ಕೆಳಗಿಳಿಯಿತು, ಸೌಲಭ್ಯ ಅಷ್ಟಾಗಿ ಇಳಿಯಲಿಲ್ಲ. ಇಲ್ಲಿ ಸೌಲಭ್ಯ ಬಾಗಿಲಿಗೇ ಬಂತು, ಅಧಿಕಾರ ರಾಜಧಾನಿಯಲ್ಲಿಯೇ ಉಳಿಯಿತು.

ವಾಲಂಟಿಯರುಗಳ ವಿಷಯ ಇನ್ನೂ ಸೂಕ್ಷ್ಮ. ಅವರಿಗೆ ಪರೀಕ್ಷೆಯಿರಲಿಲ್ಲ, ಸಂದರ್ಶನವಷ್ಟೇ. ಆಳುವ ಪಕ್ಷದ ಕಾರ್ಯಕರ್ತರೇ ತುಂಬಿಕೊಂಡರೆಂಬ ಆರೋಪ ಮೊದಲ ದಿನದಿಂದಲೂ ಇತ್ತು. ಪಿಂಚಣಿ ತಂದುಕೊಡುವವನೇ ನಿಮ್ಮ ಮನೆಯಲ್ಲಿ ಯಾರು ಯಾವ ಪಕ್ಷದವರೆಂದು ಬಲ್ಲವನೂ ಆಗಿದ್ದರೆ, ಆ ಹಣ ಹಕ್ಕೆಂದು ಅನ್ನಿಸುವುದೋ ಉಪಕಾರವೆಂದು ಅನ್ನಿಸುವುದೋ? 2024ರ ಚುನಾವಣೆಯ ಹೊತ್ತಿಗೆ ಈ ಪ್ರಶ್ನೆ ಹೈಕೋರ್ಟಿನವರೆಗೆ ಹೋಗಿ, ಮಾರ್ಚ್ 30ರಂದು ಚುನಾವಣಾ ಆಯೋಗ ವಾಲಂಟಿಯರುಗಳು ಹಣ ಹಂಚಬಾರದೆಂದು ಆದೇಶ ಹೊರಡಿಸಿತು. ಎರಡೇ ದಿನಗಳಲ್ಲಿ ಪಿಂಚಣಿಯ ದಿನ. ಸರ್ಕಾರಿ ಯಂತ್ರ ತಬ್ಬಿಬ್ಬಾಯಿತು. ಏಪ್ರಿಲಿನ ಬಿಸಿಲಿನಲ್ಲಿ ಮುದುಕರು ಸಚಿವಾಲಯದ ಮುಂದೆ ಸಾಲುನಿಂತರು. ಮೇ ತಿಂಗಳಲ್ಲಿ ಹಣವನ್ನು ಬ್ಯಾಂಕಿಗೆ ಹಾಕಿದಾಗ ಬ್ಯಾಂಕುಗಳ ಮುಂದೆ ನಿಂತರು. ಸಾಲಿನಲ್ಲಿ ನಿಂತವರು ಸತ್ತರೆಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಹೊಣೆ ಯಾರದೆಂದು ಪಕ್ಷಗಳು ಕಿತ್ತಾಡಿದವು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬಾಗಿಲಿಗೆ ಬಂದ ಸೇವೆ ಒಂದು ಆದೇಶದಿಂದ ನಿಲ್ಲಬಹುದಾದರೆ, ಅದು ಎಂದೂ ಆ ಮುದುಕಿಯದಾಗಿರಲಿಲ್ಲ ಎಂದೇ ಅರ್ಥ.

ಮುಂದಿನ ಭಾಗ ನನಗೆ ಅತ್ಯಂತ ಬೋಧಪ್ರದವೆನಿಸಿದೆ. ಜೂನ್ ತಿಂಗಳಲ್ಲಿ ಸರ್ಕಾರ ಬದಲಾಯಿತು. ಚಂದ್ರಬಾಬು ನಾಯ್ಡು ಅವರ ಸರ್ಕಾರ ಪಿಂಚಣಿಯನ್ನು 3,000ದಿಂದ 4,000 ರೂಪಾಯಿಗೆ ಏರಿಸಿತು. ಜುಲೈ 1ರಂದು, ಮೂರು ತಿಂಗಳ ಬಾಕಿಯೂ ಸೇರಿ 7,000 ರೂಪಾಯಿಯಂತೆ, ಸುಮಾರು 65 ಲಕ್ಷ ಜನರಿಗೆ ಮನೆಬಾಗಿಲಿನಲ್ಲಿಯೇ ಹಂಚಲಾಯಿತು. ಹಂಚಿದವರು ವಾಲಂಟಿಯರುಗಳಲ್ಲ, ಸಚಿವಾಲಯದ ಕಾಯಂ ನೌಕರರು. ಶೇಕಡಾ 95ಕ್ಕೂ ಹೆಚ್ಚು ಹಣ ಒಂದೇ ದಿನದಲ್ಲಿ ತಲುಪಿತು. ಎಂದರೆ, ವಾಲಂಟಿಯರ್ ಇಲ್ಲದೆ ನಡೆಯದೆಂದು ಹೇಳುತ್ತಿದ್ದ ಕೆಲಸ ನಡೆಯಿತು. ಪರೀಕ್ಷೆ ಬರೆದು ಬಂದ, ಕಾಯಂ ವೇತನದ, ಸೇವಾ ನಿಯಮಗಳಿಗೆ ಒಳಪಟ್ಟ ನೌಕರವರ್ಗವನ್ನು ಹೊಸ ಸರ್ಕಾರ ಕಿತ್ತೊಗೆಯಲಾರದೆ ಹೋಯಿತು. ಅಲ್ಲ, ಕಿತ್ತೊಗೆಯುವ ಅಗತ್ಯವೂ ಅದಕ್ಕೆ ಕಾಣಲಿಲ್ಲ. 2025ರ ಆರಂಭದಲ್ಲಿ ಜನಸಂಖ್ಯೆಗೆ ಅನುಸಾರವಾಗಿ ಸಚಿವಾಲಯಗಳ ಸಿಬ್ಬಂದಿಯನ್ನು ಮರುಹಂಚಿಕೆ ಮಾಡಲು ನಿರ್ಧರಿಸಿತು, ಅಷ್ಟೆ. ವಾಲಂಟಿಯರುಗಳದು ಬೇರೆ ಗತಿ. ಅವರ ಅವಧಿ 2023ರ ಆಗಸ್ಟಿನಲ್ಲಿಯೇ ಮುಗಿದಿತ್ತು, ನವೀಕರಿಸುವ ಆದೇಶವೇ ಇಲ್ಲ ಎಂದು ಸರ್ಕಾರ ತಿಳಿಸಿತು. ಚುನಾವಣೆಯ ಸಮಯದಲ್ಲಿ ಅವರಿಗೆ 10,000 ರೂಪಾಯಿ ಕೊಡುವುದಾಗಿ ಹೇಳಿದ್ದ ಮಾತೂ ಅಲ್ಲಿಗೇ ನಿಂತಿತು. ಎರಡೂವರೆ ಲಕ್ಷ ಯುವಕ ಯುವತಿಯರು ಒಂದು ಕಾಗದವೂ ಕೈಗೆ ಬಾರದೆ ಮನೆಗೆ ಹೋದರು. ಅವರಲ್ಲಿ ಪಕ್ಷದ ಏಜೆಂಟರು ಇದ್ದಿರಬಹುದು. ನಾನು ಕಂಡ ಆ ಕನ್ನಡದ ಹುಡುಗಿ ಏಜೆಂಟಳಾಗಿರಲಿಲ್ಲ.

ಈಗ ಅಲ್ಲಿ ವಾಟ್ಸ್ಆಪಿನ ಮೂಲಕ ಸೇವೆ. 2025ರ ಜನವರಿ 30ರಂದು 161 ಸೇವೆಗಳೊಡನೆ ಅದು ಆರಂಭವಾಯಿತು. ಮೊಬೈಲ್ ಬಲ್ಲವರಿಗೆ ಅನುಕೂಲವೇ. ಬೆರಳಚ್ಚು ಸವೆದುಹೋದ ಮುದುಕಿಗೆ ಅದು ಎಷ್ಟು ಉಪಯೋಗವೆಂಬುದನ್ನು ತಾವೇ ಯೋಚಿಸಬಹುದು.

ಯಂತ್ರದ ಮಾತು ಬಂದುದರಿಂದ, ನಾವು ವಾಸಿಸುವ ತೆಲಂಗಾಣದ ಒಂದು ಅನುಭವವನ್ನು ಬಿಡುವಂತಿಲ್ಲ. 2014ರ ಆಗಸ್ಟ್ 19ರಂದು ಒಂದೇ ದಿನದಲ್ಲಿ ಇಡೀ ರಾಜ್ಯದ ಕುಟುಂಬ ಸಮೀಕ್ಷೆ ನಡೆದದ್ದು ನಮಗೆಲ್ಲ ನೆನಪಿದೆ. ಅಂದು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕಾದು ಕುಳಿತಿದ್ದೆವು. ತರುವಾಯ ನಾನಾ ಇಲಾಖೆಗಳ ಮಾಹಿತಿಯನ್ನು ಒಟ್ಟುಗೂಡಿಸಿ ಯಾರು ಬಡವರು, ಯಾರು ಅಲ್ಲವೆಂದು ಗಣಕಯಂತ್ರವೇ ಹೇಳುವ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಬಂತು. ಹೆಸರು ಹೋಲುವ ಇನ್ನಾರದೋ ಕಾರು ನಿಮ್ಮ ಲೆಕ್ಕಕ್ಕೆ ಸೇರಿದರೆ ನಿಮ್ಮ ಪಡಿತರ ಚೀಟಿ ರದ್ದು. ಸುಮಾರು 19 ಲಕ್ಷ ಚೀಟಿಗಳು ರದ್ದಾದವೆಂಬ ದೂರು ಸುಪ್ರೀಂ ಕೋರ್ಟಿಗೆ ಹೋಗಿ, 2022ರ ಏಪ್ರಿಲಿನಲ್ಲಿ ನ್ಯಾಯಾಲಯ ಅವುಗಳನ್ನು ಸ್ಥಳದಲ್ಲಿಯೇ ಮರುಪರಿಶೀಲಿಸಬೇಕೆಂದು ಆದೇಶಿಸಿತು. ಅನರ್ಹರನ್ನು ತೆಗೆಯಬಾರದೆಂದು ನಾನು ಹೇಳುವುದಿಲ್ಲ. ಮಹಾರಾಷ್ಟ್ರದ 'ಲಾಡಕಿ ಬಹೀಣ' ಯೋಜನೆಯಲ್ಲಿ ಸಾವಿರಾರು ಗಂಡಸರು ಬಹಿಣಿಯರಾಗಿ ಹಣ ಪಡೆದದ್ದು 2025ರಲ್ಲಿ ಬಯಲಾಗಲಿಲ್ಲವೆ? ಆದರೆ ತೆಗೆಯುವ ಮುನ್ನ ಒಂದು ನೋಟೀಸು, ಒಂದು ಉತ್ತರಕ್ಕೆ ಅವಕಾಶ ಬೇಕು. ನಮ್ಮಂಥ ಸರ್ಕಾರಿ ನೌಕರನ ಒಂದು ಇನ್‌ಕ್ರಿಮೆಂಟ್ ತಡೆಯಲು ಷೋಕಾಸ್ ನೋಟೀಸು ಬೇಕು. ಬಡವನ ಅಕ್ಕಿ ನಿಲ್ಲಿಸಲು ಬೇಡವೆ?

ಕರ್ನಾಟಕದ ಐದು ಗ್ಯಾರಂಟಿಗಳನ್ನು ಕುರಿತು ತಮ್ಮಲ್ಲಿ ಹಲವರು ಕೇಳಿದ್ದೀರಿ. 2023ರ ಜೂನ್ 11ರಂದು ಶಕ್ತಿ, ಆಗಸ್ಟ್ 30ರಂದು ಗೃಹಲಕ್ಷ್ಮಿ, 2024ರ ಜನವರಿಯಲ್ಲಿ ಯುವನಿಧಿ, ಹೀಗೆ ಒಂದೊಂದಾಗಿ ಬಂದವು. ಇದನ್ನು ನಾನು ಪುನರ್ರಚನೆ ಎಂದು ಕರೆಯಲಾರೆ. ಇದು ಮುಖ್ಯವಾಗಿ ಹಣದ ಹರಿವು. ಕಛೇರಿ ಇದ್ದಲ್ಲಿಯೇ ಇದೆ, ಖಾತೆಗೆ ಹಣ ಬರುತ್ತದೆ. ಹೆಣ್ಣುಮಕ್ಕಳ ಕೈಯಲ್ಲಿ 2,000 ರೂಪಾಯಿ ಇರುವುದರ ಬೆಲೆಯನ್ನು ಕಡಿಮೆ ಮಾಡಿ ನೋಡುವವನಲ್ಲ ನಾನು. ಆದರೆ ಅಲ್ಲಿಯೂ ಅನುಷ್ಠಾನ ಸಮಿತಿಗಳೆಂದು ತಾಲ್ಲೂಕು ಮಟ್ಟದವರೆಗೆ ಆಳುವ ಪಕ್ಷದ ಕಾರ್ಯಕರ್ತರನ್ನು ಗೌರವಧನ ಕೊಟ್ಟು ಕೂರಿಸಲಾಯಿತು. 2025ರ ಮಾರ್ಚಿನಲ್ಲಿ ಇದರ ಮೇಲೆ ವಿಧಾನಸಭೆಯಲ್ಲಿ ಗದ್ದಲವೂ ಆಯಿತು. ಆಂಧ್ರದ ವಾಲಂಟಿಯರುಗಳ ಕಥೆಯನ್ನು ಬೆಂಗಳೂರಿನಲ್ಲಿ ಯಾರೂ ಓದಿದಂತೆ ಕಾಣುವುದಿಲ್ಲ.

ಕೇಂದ್ರದ ಪಾಲನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಆಂಧ್ರ 4,000 ಕೊಡುವಲ್ಲಿ, ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವುದು 60ರಿಂದ 79 ವರ್ಷದವರಿಗೆ 200 ರೂಪಾಯಿ, 80 ದಾಟಿದವರಿಗೆ 500. ಆ ಇನ್ನೂರು 2007ರಿಂದ ಇನ್ನೂರಾಗಿಯೇ ಇದೆ. ನನ್ನ ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗುತ್ತದೆ.

ಇನ್ನು ನಮ್ಮ ವಿಷಯ. ಹೊರನಾಡಿನಲ್ಲಿರುವ ಕನ್ನಡಿಗರೆಂದರೆ ಬ್ಯಾಂಕು, ಕಾಲೇಜು, ಕೇಂದ್ರ ಕಛೇರಿಗಳಲ್ಲಿ ಇರುವ ನಾವಷ್ಟೇ ಅಲ್ಲ. ಈ ಊರಿನ ಪಶ್ಚಿಮ ಭಾಗದಲ್ಲಿ ಏಳುತ್ತಿರುವ ಗಗನಚುಂಬಿ ಕಟ್ಟಡಗಳ ಕೆಳಗೆ ತಗಡಿನ ಜೋಪಡಿಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯ ಜನ ಇದ್ದಾರೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ 2020ರ ಜನವರಿಯಿಂದಲೇ ಕರ್ನಾಟಕ, ತೆಲಂಗಾಣ ಎರಡೂ ಸೇರಿವೆ. ಊರಿನ ಚೀಟಿಯ ಮೇಲೆ ಇಲ್ಲಿಯ ಅಂಗಡಿಯಲ್ಲಿ ತಲೆಗೆ ಐದು ಕಿಲೋ ಧಾನ್ಯ ಪಡೆಯುವುದು ಅವರ ಹಕ್ಕು. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಕೊಡುವ ಹೆಚ್ಚುವರಿ ಅಕ್ಕಿ ಗಡಿ ದಾಟುವುದಿಲ್ಲ, ಕೇಂದ್ರದ್ದು ದಾಟುತ್ತದೆ. ಇದು ಗೊತ್ತಿಲ್ಲದೆ ಪೇಟೆಯ ದರದಲ್ಲಿ ಅಕ್ಕಿ ಕೊಳ್ಳುತ್ತಿರುವ ಸಂಸಾರಗಳನ್ನು ನಾನು ಕಂಡಿದ್ದೇನೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಂತೂ ರಾಜ್ಯಕ್ಕೊಂದು. ಬೆಂಗಳೂರಿನ ಕಟ್ಟಡದಲ್ಲಿ ಹತ್ತು ವರ್ಷ ದುಡಿದವನು ಇಲ್ಲಿಗೆ ಬಂದರೆ ಹೊಸಬ. ಬಸ್ಸಿನ ಕಥೆ ಸ್ವಲ್ಪ ವಿನೋದದ್ದು: ಇಲ್ಲಿಯ ವಿಳಾಸದ ಆಧಾರ್ ಇರುವ ನಮ್ಮ ಮನೆಯ ಹೆಂಗಸರು ತೆಲಂಗಾಣದ ಬಸ್ಸಿನಲ್ಲಿ ಬೀದರಿಗೆ ಹೊರಟರೆ ಗಡಿಯವರೆಗೆ ಉಚಿತ, ಅಲ್ಲಿಂದ ಮುಂದೆ ಟಿಕೆಟ್ಟು. ತವರಿನ ನೆಲ ಮುಟ್ಟಿದೊಡನೆ ಪರಕೀಯರಾಗುವ ಭಾಗ್ಯ ಹೊರನಾಡ ಕನ್ನಡತಿಯರಿಗಷ್ಟೇ ಸಿಕ್ಕೀತು!

ಗಡಿಭಾಗದ ಭಾಷೆಯ ಪ್ರಶ್ನೆಗೆ ಮಾತ್ರ ನಮ್ಮ ಕೈಯಲ್ಲಿ ಒಂದು ಆಯುಧವಿದೆ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಆದವಾನಿಯ ಅಜ್ಜಿ ಕನ್ನಡದಲ್ಲಿ ಬರೆಸಿದ ಅರ್ಜಿಯನ್ನು ಸಚಿವಾಲಯ ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಕನ್ನಡದಲ್ಲಿ ಉತ್ತರ ಕೊಡಬೇಕೆಂದು ಆ ಅನುಚ್ಛೇದ ಹೇಳುವುದಿಲ್ಲ, ನಿಜ. ಆದರೆ ಅರ್ಜಿಗಳೇ ಬಾರದಿದ್ದರೆ ಅಲ್ಲಿ ಕನ್ನಡ ಬಲ್ಲವನೊಬ್ಬ ಬೇಕೆಂದು ಯಾವ ಅಧಿಕಾರಿಗೆ ತಾನೆ ಹೊಳೆದೀತು? ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸುವ 350-ಬಿ ಅನುಚ್ಛೇದವೂ ಇದೆ. ನಮ್ಮ ಸಂಘಗಳು ನಾಡಹಬ್ಬದ ಆಹ್ವಾನಪತ್ರಿಕೆಗಳನ್ನು ಬರೆಯುವ ಶ್ರದ್ಧೆಯ ಹತ್ತನೆಯ ಒಂದು ಪಾಲನ್ನು ಆ ಕಛೇರಿಗೆ ಪತ್ರ ಬರೆಯಲು ಬಳಸಿಲ್ಲ.

ಪಿಂಚಣಿ, ಪಡಿತರ, ಅಂಗವಿಕಲ ವೇತನ, ಈ ಮೂರಕ್ಕೆ ಕನ್ನಡದಲ್ಲಿ ಅರ್ಜಿಯ ಕರಡುಗಳನ್ನು ಸಿದ್ಧಪಡಿಸಿ ತಂದಿದ್ದೇನೆ. ಪಕ್ಕದಲ್ಲಿಯೇ ತೆಲುಗು ಅನುವಾದವೂ ಇದೆ. ಪ್ರತಿಗಳು ಕಾರ್ಯದರ್ಶಿಗಳ ಮೇಜಿನ ಮೇಲಿವೆ. ಆಲೂರು, ಆದವಾನಿ, ರಾಯದುರ್ಗದ ಕಡೆ ಬಂಧುಗಳಿರುವವರು ದಯವಿಟ್ಟು ಒಯ್ಯಿರಿ. ಕಟ್ಟಡಗಳ ಬಳಿಯ ಜೋಪಡಿಗಳಿಗೆ ಭಾನುವಾರ ಬೆಳಿಗ್ಗೆ ಬರಲು ಇಬ್ಬರು ಮೂವರು ಒಪ್ಪಿದರೆ, ಪಡಿತರ ಚೀಟಿಯ ವಿಷಯವನ್ನು ಅಲ್ಲಿಯೇ ವಿವರಿಸಿ ಬರಬಹುದು. ನಾನು ಹೇಗೂ ಹೋಗುತ್ತೇನೆ. ಈಗ ತಮ್ಮ ಪ್ರಶ್ನೆಗಳನ್ನು ಕೇಳಲು ಸಿದ್ಧನಿದ್ದೇನೆ.